ಮಾತಿನ ಬೇರು: ಮೆಟ್ರೋ

ಗುಬ್ಬಿಯ ವಾಚಕರೊಬ್ಬರ ಪ್ರಶ್ನೆ: “ನಮ್ಮೂರಿನಲ್ಲಿ ಹಿಂದೆ ಓಡುತ್ತಿದ್ದುದು ಮೀಟರ್ ಗೇಜ್ ಗಾಡಿ. ತುಮಕೂರಿಗೆ ಬರುವುದೆಂದು ಈಗ ಸುದ್ದಿಯಾಗಿರುವುದು ಮೆಟ್ರೋ ಗಾಡಿ. ಇವೆರಡೂ ಒಂದೇ ಮಾತೇ?”

ಕಿವಿಗೆ ಹತ್ತಿರ, ಬೇರು ಬೇರೆ. ‘ಮೀಟರ್’ ಬಂದುದು ಅಳತೆಯೆಂಬರ್ಥದ ಗ್ರೀಕ್ ಶಬ್ದದಿಂದ. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ ಬಂದ ಹಳಿಗಳ ನಡುವಣ ಅಂತರ ಒಂದು ಮೀಟರ್. ಆ ಹೆಸರಿಗೆ ಅದೇ ಕಾರಣ. ‘ಮೆಟ್ರೋ’ ಎಂಬುದಾದರೋ ‘ಮೆಟ್ರೊಪೊಲಿಸ್’ ಶಬ್ದದ ಮೊದಲ ತುಂಡು. ಅಲ್ಲಿ ‘ಮೀಟರ್’ ಎಂದರೆ ತಾಯಿ, ‘ಪೊಲಿಸ್’ ಎಂದರೆ ನಗರ. ಸಂಸ್ಕೃತದ ‘ಮಾತೃ’, ‘ಪುರ’ ಶಬ್ದಗಳು ಇವಕ್ಕೆ ಸೋದರಿಯರು. ನಮ್ಮ ‘ಮಾತೃ’ವಿಗೂ ಛಂದಸ್ಸಿನ ‘ಮಾತ್ರೆ’ಗೂ ಇರುವ ಅಂತರವೇ ಮೆಟ್ರೋವಿಗೂ ಮೀಟರಿಗೂ ಇರುವುದೆಂದರೆ ಸಾಕು.

ಗ್ರೀಕರ ಮಾತೃನಗರವು ತನ್ನ ಜನರನ್ನು ಕಡಲಾಚೆಗೆ ಕಳುಹಿ ಹೊಸ ಊರು ಕಟ್ಟಿಸುತ್ತಿತ್ತು. ಆ ಊರು ಮಗಳಾದರೂ ತನ್ನ ಆಡಳಿತ ತಾನೇ ನಡೆಸುತ್ತಿತ್ತು. ಮುಂದೆ ಈ ಶಬ್ದಕ್ಕೆ ‘ಮಹಾನಗರ’ವೆಂಬ ಅರ್ಥ ಬಂದಿತು. 1863ರಲ್ಲಿ ಲಂಡನ್ನಿನ ನೆಲದಡಿಯಲ್ಲಿ ಓಡಿದ ರೈಲಿಗೆ ‘ಮೆಟ್ರೊಪಾಲಿಟನ್ ರೈಲ್ವೆ’ ಎಂದು ಹೆಸರಿಟ್ಟರು. 1900ರಲ್ಲಿ ಪ್ಯಾರಿಸ್ಸಿನಲ್ಲಿಯೂ ಅಂತಹುದೇ ಉದ್ದದ ಹೆಸರಿನ ರೈಲು ಆರಂಭವಾಯಿತು. ಅಲ್ಲಿಯ ಜನ ಅದನ್ನು ‘ಮೆಟ್ರೋ’ ಎಂದು ಮೊಟಕುಗೊಳಿಸಿದರು. ಆ ತುಂಡೇ ಲೋಕವನ್ನು ಸುತ್ತಿತು. ಕಲ್ಕತ್ತೆಗೆ ಬಂದುದು 1984ರಲ್ಲಿ, ಬೆಂಗಳೂರಿಗೆ 2011ರಲ್ಲಿ. 2024ರಲ್ಲಿ ಅದು ತುಮಕೂರು ರಸ್ತೆಯ ಮಾದಾವರವನ್ನು ಮುಟ್ಟಿತು. ತುಮಕೂರಿನವರೆಗೆ ವಿಸ್ತರಿಸುವ ಸಾಧ್ಯತೆಯನ್ನು ಪರಿಶೀಲಿಸುವ ಮಾತು ಅದೇ ವರ್ಷದ ರಾಜ್ಯ ಆಯವ್ಯಯದಲ್ಲಿ ಬಂದಿತು.

ಆದರೆ ಇಲ್ಲಿ ತಾಯಿ ಯಾರು, ಮಗಳು ಯಾರು? ಕೆಂಪೇಗೌಡರು ಬೆಂಗಳೂರನ್ನು ಕಟ್ಟಿದುದು 1537ರಲ್ಲಿ. ತುಮಕೂರಿನ ಪಕ್ಕದ ಕೈದಾಳದ ಚೆನ್ನಕೇಶವ ದೇಗುಲ 12ನೆಯ ಶತಮಾನದ್ದು. ವಯಸ್ಸಿನಲ್ಲಿ ನಮ್ಮ ಸೀಮೆಯೇನೂ ಕಿರಿದಲ್ಲ. ಆದರೂ ತುಮಕೂರು, ಗುಬ್ಬಿಗಳಿಂದಲೂ, 2017ರಲ್ಲಿ ಹಾಸನದ ರೈಲುಮಾರ್ಗ ತೆರೆದ ಮೇಲೆ ಕುಣಿಗಲ್ಲಿನಿಂದಲೂ, ನಿತ್ಯ ಬೆಳಗಿನ ಗಾಡಿ ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವವರುಂಟು. ಗ್ರೀಕರ ತಾಯಿ ಮಕ್ಕಳನ್ನು ಕಳುಹುತ್ತಿದ್ದಳು; ನಮ್ಮ ಮಹಾನಗರಿ ನೆರೆಮನೆಯ ಮಕ್ಕಳನ್ನೂ ಕರೆಯುತ್ತಾಳೆ.

ತವರಿಗೆ ಹೋದ ಮಗಳು ಮಡಿಲು ತುಂಬಿಸಿಕೊಂಡು ತನ್ನ ಮನೆಗೆ ಮರಳುತ್ತಾಳೆ. ನಮ್ಮವರು ಕತ್ತಲಾದ ಮೇಲೆ ತರುವುದು ಬುತ್ತಿಯ ಬರಿದಾದ ಡಬ್ಬಿಯನ್ನು, ಬೆನ್ನುನೋವನ್ನು. ಮೆಟ್ರೋ ಬರಲಿ, ಅವರ ದಣಿವು ಇಳಿಯಲಿ. ಬೆಳಿಗ್ಗೆ ಬೆಂಗಳೂರಿನ ಕಡೆಯಿಂದ ತುಮಕೂರಿಗೆ ದುಡಿಯಲು ಬರುವವರಿಂದಲೂ ಆ ಗಾಡಿ ತುಂಬಿದಂದು, ವಾಚಕರೇ, ‘ಮಾತೃನಗರ’ವೆಂಬ ಹೆಸರು ನಮ್ಮೂರಿಗೂ ಸಲ್ಲುವುದು.