ಘಾಟಿ ಹತ್ತುವ ಮುಂಚೆ 18 ಗಂಟೆ

ಅಕ್ಕನ ಮನೆಯಲ್ಲಿ ಈಗ ಅರ್ಧ ಮುಗಿದ ಕೋರ್ಸ್ ಒಂದಿದೆ. ಅಕ್ಕನ ಮಗ, ಮನೆಯವರಿಗೆಲ್ಲ ಪುಟ್ಟ. ವಯಸ್ಸು 15, ಎತ್ತರದಲ್ಲಿ ನನಗಿಂತ ಒಂದು ಗೇಣು ಜಾಸ್ತಿ. ಹೋದ ಮೇ ತಿಂಗಳ ರಜೆಯಲ್ಲಿ ಸ್ಕೂಬಾ ಡೈವಿಂಗ್‌ನ ಥಿಯರಿ, ಈಜುಕೊಳದ ಪಾಠ ಎರಡನ್ನೂ ಬೆಂಗಳೂರಿನಲ್ಲೇ ಮುಗಿಸಿದ. ಉಳಿದಿರೋದು ಸಮುದ್ರದಲ್ಲಿ 4 ಡೈವ್. ಅದಾದರೆ ‘ಓಪನ್ ವಾಟರ್’ ಸರ್ಟಿಫಿಕೇಟ್ ಕೈಗೆ ಬರುತ್ತೆ. ಇನ್ನೊಬ್ಬ ಡೈವರ್ ಜೊತೆಗಿದ್ದರೆ 18 ಮೀಟರ್ ಆಳದವರೆಗೆ ಇಳಿಯುವ ಅರ್ಹತೆ ಅದು.

ಇವನಿಗೆ ಈ ಹುಚ್ಚು ಹಿಡಿದದ್ದು ‘ಗಂಧದ ಗುಡಿ’ ನೋಡಿದ ಮೇಲೆ. 2022ರಲ್ಲಿ ತೆರೆಗೆ ಬಂದ ಆ ಸಾಕ್ಷ್ಯಚಿತ್ರದಲ್ಲಿ ಅಪ್ಪು ನೇತ್ರಾಣಿಯ ನೀರಿಗಿಳಿದದ್ದನ್ನು ನೋಡಿ, ಹುಡುಗ ಥಿಯೇಟರ್‌ನಿಂದ ಆಚೆ ಬರುವಷ್ಟರಲ್ಲಿ ‘ಚಿಕ್ಕಿ, ಅಲ್ಲಿಗೆ ಹೋಗೋಣ’ ಅಂತ ಶುರು ಮಾಡಿದ್ದ. ಮನೆಯಲ್ಲಿ ಡೈವಿಂಗ್ ಸರ್ಟಿಫಿಕೇಟ್ ಇರೋಳು ನಾನೊಬ್ಬಳೇ. ಹಾಗಾಗಿ ಪ್ಲಾನಿಂಗ್ ನನ್ನ ತಲೆಗೆ ಬಂತು.

ಮೊದಲು ಒಂದು ಗೊಂದಲ ಪರಿಹಾರ ಮಾಡಿಬಿಡ್ತೀನಿ. ಆಫೀಸಿನಲ್ಲಿ ಯಾರನ್ನೇ ಕೇಳಿ, ‘ನಾನೂ ಮುರುಡೇಶ್ವರದಲ್ಲಿ ಸ್ಕೂಬಾ ಮಾಡಿದ್ದೀನಿ’ ಅಂತಾರೆ. ಬಹುತೇಕ ಅದು ಒಂದು ಸಲದ ರುಚಿ ನೋಡುವ ಡೈವ್. ತರಬೇತುದಾರರು ಹಿಂದಿನಿಂದ ಸಿಲಿಂಡರ್ ಹಿಡಿದುಕೊಂಡು ಕರೆದೊಯ್ದು ಕರೆತರುತ್ತಾರೆ. ಸರ್ಟಿಫಿಕೇಟ್ ದಾರಿ ಬೇರೆ. ಅಲ್ಲಿ ಮಾಸ್ಕ್‌ಗೆ ನೀರು ತುಂಬಿದರೆ ನೀವೇ ಖಾಲಿ ಮಾಡಬೇಕು, ಜೊತೆಗಾರನ ಗಾಳಿ ಮುಗಿದರೆ ನಿಮ್ಮದನ್ನು ಕೊಡಬೇಕು. 200 ಮೀಟರ್ ನಿಲ್ಲದೆ ಈಜಬೇಕು, 10 ನಿಮಿಷ ಏನೂ ಹಿಡಿದುಕೊಳ್ಳದೆ ತೇಲಬೇಕು. 10 ವರ್ಷ ತುಂಬಿದ ಮಕ್ಕಳಿಗೂ ‘ಜೂನಿಯರ್’ ಸರ್ಟಿಫಿಕೇಟ್ ಸಿಗುತ್ತೆ. 15 ತುಂಬಿದರೆ ದೊಡ್ಡವರದೇ.

ಸಮುದ್ರವಿಲ್ಲದ ಊರಿನವರಿಗೆ ಒಂದು ಅನುಕೂಲ ಇದೆ, ‘ರೆಫರಲ್’ ಅಂತ. ಊರಿನಲ್ಲಿ ಪಾಠ ಮುಗಿಸಿ, ಅದರ ಕಾಗದ ತೆಗೆದುಕೊಂಡು ಬೇರೆ ಊರಿನ ತರಬೇತುದಾರರ ಹತ್ತಿರ ಸಮುದ್ರದ ಭಾಗ ಮುಗಿಸಬಹುದು. ಆದರೆ ಆ ಕಾಗದಕ್ಕೆ ಆಯುಸ್ಸು 12 ತಿಂಗಳು ಮಾತ್ರ. ನಮ್ಮದು ಬರುವ ಮೇನಲ್ಲಿ ಮುಗಿಯುತ್ತೆ.

ಈಗ ಕ್ಯಾಲೆಂಡರ್ ತೆಗೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನೇತ್ರಾಣಿಗೆ ಬೋಟ್ ಹೋಗಲ್ಲ. ಅಕ್ಟೋಬರ್‌ನಲ್ಲಿ ಸೀಸನ್ ಶುರು. ಹುಡುಗ ಎಸ್ಸೆಸ್ಸೆಲ್ಸಿ, ‘ಪರೀಕ್ಷೆ ಮುಗಿಯೋತನಕ ಸಮುದ್ರದ ಸುದ್ದಿ ಎತ್ತಬೇಡಿ’ ಅಂತ ಅಕ್ಕನ ಆರ್ಡರ್. ಹಾಗಾಗಿ ಉಳಿದದ್ದು ಏಪ್ರಿಲ್ ಒಂದೇ. ಆಗ ನೀರು ಬೆಚ್ಚಗಿರುತ್ತೆ ಅನ್ನೋದು ಒಂದು ಸಮಾಧಾನ. ಬೆಚ್ಚಗಿನ ನೀರು ಬರೀ ಸುಖದ ಮಾತಲ್ಲ. ನೀರು ಮೈಯ ಶಾಖವನ್ನು ಗಾಳಿಗಿಂತ 20 ಪಟ್ಟಿಗೂ ಹೆಚ್ಚು ವೇಗವಾಗಿ ಎಳೆದುಕೊಳ್ಳುತ್ತೆ. ನಡುಗುವವನು ಗಾಳಿ ಬೇಗ ಮುಗಿಸ್ತಾನೆ, ಕಲಿತದ್ದು ನೆನಪಾಗಲ್ಲ. ಪುಟ್ಟನಂಥ ಕಡ್ಡಿ ಮೈಯವರಿಗಂತೂ ಇನ್ನೂ ಕಷ್ಟ.

ಅಂಡಮಾನ್ ಯಾಕಲ್ಲ ಅಂತ ಭಾವ ಕೇಳಿದರು. ಸ್ವರಾಜ್ ದ್ವೀಪ್, ಅಂದರೆ ಹಳೇ ಹ್ಯಾವ್ಲಾಕ್, ನೀರು ಕನ್ನಡಿ ಇದ್ದ ಹಾಗೆ, ಒಪ್ಪಿದೆ. ಆದರೆ ವಿಮಾನ, ಅಲ್ಲಿಂದ ಫೆರ್ರಿ ಸೇರಿ ಮೂರು ಜನರ ಖರ್ಚು ಮೇಲೇರುತ್ತೆ. ನೇತ್ರಾಣಿ ನಮ್ಮ ಉತ್ತರ ಕನ್ನಡದ್ದೇ, ಭಟ್ಕಳ ತಾಲ್ಲೂಕು. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ. ಅಲ್ಲಿಗೇ ಅಂತ ತೀರ್ಮಾನ ಆಯ್ತು.

ಎಲ್ಲ ಸಲೀಸು ಅಂದುಕೊಳ್ಳುವಾಗ ಆರೋಗ್ಯದ ಫಾರ್ಮ್ ಬಂತು.

ಡೈವಿಂಗ್ ಮಾಡುವವರೆಲ್ಲ ತುಂಬುವ ಪ್ರಶ್ನಾವಳಿ ಅದು. ಮುಖ್ಯ ಪ್ರಶ್ನೆ 10. ಉಸಿರಾಟ, ಹೃದಯ, ಕಿವಿ, ಹಳೇ ಆಪರೇಷನ್ ಹೀಗೆ. ಕೆಲವಕ್ಕೆ ‘ಹೌದು’ ಅಂದರೆ ಒಳಗೆ ಇನ್ನಷ್ಟು ಪ್ರಶ್ನೆ, ಅಲ್ಲೂ ‘ಹೌದು’ ಅಂದರೆ ಡಾಕ್ಟರ್ ಸಹಿ ಬೇಕು. 12 ತಿಂಗಳೊಳಗೆ ಓಡಾಟಕ್ಕೆ ಅಡ್ಡಿಯಾಗುವಷ್ಟು ಆಸ್ತಮಾ, ಉಬ್ಬಸ ಬಂದಿತ್ತಾ ಅನ್ನೋದು ಅದರಲ್ಲೊಂದು. ಮೇನಲ್ಲಿ ಈಜುಕೊಳಕ್ಕೆ ಇಳಿಯುವಾಗ ಪುಟ್ಟನ ಉತ್ತರ ‘ಇಲ್ಲ’, ಅದು ನಿಜವೇ. ಚಿಕ್ಕಂದಿನಲ್ಲಿ ನೆಬ್ಯುಲೈಸರ್ ಹಿಡಿದಿದ್ದ ಹುಡುಗನಿಗೆ ಎಷ್ಟೋ ವರ್ಷದಿಂದ ಏನೂ ಇರಲಿಲ್ಲ. ಆದರೆ ಆಗಸ್ಟ್‌ನಲ್ಲಿ ಒಂದು ನೆಗಡಿ ಎದೆಗಿಳಿದು ಉಬ್ಬಸ ಆಯ್ತು, ವಾರ ಪೂರ್ತಿ ಫುಟ್‌ಬಾಲ್ ಬಿಟ್ಟ.

‘ಒಂದು ವಾರದ ನೆಗಡಿ. ಇಲ್ಲ ಅಂತ ಟಿಕ್ ಹಾಕಿದ್ರೆ ಆಯ್ತಪ್ಪ’ ಅಂದರು ಭಾವ. ‘ಡಾಕ್ಟ್ರು ಸುಮ್ನೆ ತಿರುಗಾಡಿಸ್ತಾರೆ. ಅಷ್ಟರಲ್ಲಿ ಕಾಗದದ ಡೇಟ್ ಮುಗಿಯುತ್ತೆ, ದುಡ್ಡೂ ಹೋಯ್ತು, ಹುಡುಗನ ಮನಸ್ಸೂ ಮುರೀತು.’

ಭಾವ ಕೆಟ್ಟವರಲ್ಲ. ಮಗನ ಮೇಲಿನ ಪ್ರೀತಿಗೇ ಹಾಗಂದದ್ದು. ನಾನು ಒಳಗಿನ ಕಾರಣ ವಿವರಿಸಲು ಹೋದೆ. ಅವರು ಫೋನ್ ನೋಡುತ್ತಾ ಕೂತರು.

ಅವರ ಮನೆ ಶಿವಾಜಿನಗರದ ಹತ್ತಿರ, ಭಾನುವಾರ ಬೆಳಗ್ಗೆ ರಸೆಲ್ ಮಾರುಕಟ್ಟೆಗೆ ಮೀನಿಗೆ ಹೋಗೋದು ಭಾವನ ವ್ರತ. ಮಂಗಳೂರಿನ ಕಡೆಯವರು. ಸೂಪರ್‌ಮಾರ್ಕೆಟ್‌ನ ಪ್ಯಾಕೆಟ್ ಮೀನು ಅವರಿಗೆ ಮೀನೇ ಅಲ್ಲ. ಆ ವಾರ ನಾನೂ ಪುಟ್ಟನೂ ಜೊತೆಗಿದ್ದೆವು. 1927ರ ಆ ಕಟ್ಟಡ, ಹೂವಿನ ರಾಶಿ, ಎದುರಿನ ಸೇಂಟ್ ಮೇರಿ ಬೆಸಿಲಿಕಾದ ಪೂಜೆಗೆ ಹೊರಟವರ ಗದ್ದಲ ಎಲ್ಲ ದಾಟಿ ಮೀನಿನ ಸಾಲಿಗೆ ಬಂದರೆ ಕಾಲಡಿ ಐಸ್ ನೀರು. ಭಾವ ಬಂಗುಡೆಯ ಕಿವಿರು ಎತ್ತಿ ನೋಡುತ್ತಿದ್ದರು. ಪುಟ್ಟ ಪಕ್ಕದಲ್ಲಿ ಮಲಗಿಸಿದ್ದ ದಪ್ಪ ತುಟಿಯ ಮೀನೊಂದರ ಮುಂದೆ ನಿಂತುಬಿಟ್ಟ. ಅಂಗಡಿಯವರಿಗೆ ಅದು ‘ಕಳವಾ’, ಭಾವನಿಗೆ ‘ಮುರು’, ಪುಟ್ಟನ ಪುಸ್ತಕದಲ್ಲಿ ‘ಗ್ರೂಪರ್’. ಅದರ ಬಾಯಿಂದ ಗುಲಾಬಿ ಬಣ್ಣದ ಚೀಲದಂಥದ್ದೇನೋ ಹೊರಗೆ ಬಂದಿತ್ತು.

‘ಇದೇನು, ನಾಲ್ಗೆನಾ?’

‘ನಾಲ್ಗೆ ಅಲ್ಲ ತಮ್ಮ, ಹೊಟ್ಟೆ’ ಅಂದರು ಅಂಗಡಿಯವರು. ‘ಆಳದ ಮೀನು. ಗಾಳದಲ್ಲಿ ಬೇಗ ಬೇಗ ಎಳೀತಾರಲ್ಲ, ಒಳಗಿನ ಗಾಳಿ ಉಬ್ಬಿ ಹೊಟ್ಟೇನೇ ಬಾಯಿಂದ ಆಚೆ ತಳ್ಳುತ್ತೆ. ರುಚಿಗೆ ಏನಾಗಲ್ಲ ಸಾರ್, ತಗೊಳ್ಳಿ.’

ಪುಟ್ಟ ಅಪ್ಪನ ಕಡೆ ತಿರುಗಿದ. ‘ಪಪ್ಪ, ಬಾಯ್ಲ್ಸ್ ಲಾ. ಹತ್ತು ಮೀಟರ್ ಕೆಳಗೆ ಒತ್ತಡ ಡಬಲ್. ಅಲ್ಲಿ ಎದೆ ತುಂಬ ಉಸಿರು ತಗೊಂಡು, ಬಿಡದೆ ಮೇಲೆ ಬಂದ್ರೆ ಒಳಗಿನ ಗಾಳಿನೂ ಡಬಲ್ ಆಗುತ್ತೆ. ಅದಕ್ಕೇ ಕ್ಲಾಸಲ್ಲಿ ಮೊದಲ ರೂಲ್ ಅದು, ಉಸಿರು ಹಿಡೀಬಾರದು.’

‘ನೀನು ಹಿಡಿಯಲ್ಲ ತಾನೆ?’ ಅಂದರು ಭಾವ.

‘ನಾನು ಹಿಡಿಯಲ್ಲ’ ಅಂದ ಹುಡುಗ. ಸ್ವಲ್ಪ ಹೊತ್ತು ಬಿಟ್ಟು, ‘ಉಬ್ಬಸ ಇದ್ರೆ ಅದೇ ಹಿಡಿದುಕೊಳ್ಳುತ್ತೆ’ ಅಂದ.

ಆ ಪ್ರಶ್ನೆ ಫಾರ್ಮ್‌ನಲ್ಲಿ ಇರುವ ಕಾರಣ ಇಷ್ಟೇ. ಉಬ್ಬಸದಲ್ಲಿ ಶ್ವಾಸನಾಳ ಬಿಗಿಯುತ್ತೆ, ಗಾಳಿ ಒಳಗೆ ಹೋದಷ್ಟು ಸುಲಭವಾಗಿ ಆಚೆ ಬರಲ್ಲ. ನೆಲದ ಮೇಲಾದರೆ ಇನ್ಹೇಲರ್ ಇದೆ, ಕೂತು ಸುಧಾರಿಸಿಕೊಳ್ಳಬಹುದು. ನೀರಿನಡಿಯಿಂದ ಮೇಲೆ ಬರುವವನ ಶ್ವಾಸಕೋಶದ ಮೂಲೆಯೊಂದರಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ, ಅದು ಹಿಗ್ಗಿ ಶ್ವಾಸಕೋಶ ಹರಿಯಬಹುದು, ಗುಳ್ಳೆ ರಕ್ತಕ್ಕೆ ಸೇರಬಹುದು. ಆಸ್ತಮಾ ಇದ್ದವರೆಲ್ಲ ಡೈವ್ ಮಾಡಬಾರದು ಅಂತೇನಿಲ್ಲ. ಯಾರು ಮಾಡಬಹುದು ಅನ್ನೋದನ್ನ ಪರೀಕ್ಷೆ ಮಾಡಿ ಡಾಕ್ಟರ್ ಹೇಳಬೇಕು, ಟಿಕ್ ಹಾಕುವ ಪೆನ್ ಅಲ್ಲ.

ಭಾವ ಕಳವಾ ಕೊಳ್ಳಲಿಲ್ಲ, ಬಂಗುಡೆ ಕೊಂಡರು. ಆಟೋ ಹತ್ತುವಾಗ ‘ಡಾಕ್ಟ್ರ ಅಪಾಯಿಂಟ್‌ಮೆಂಟ್ ತಗೊಳ್ಳಮ್ಮ, ನಾನೇ ಕರ್ಕೊಂಡು ಹೋಗ್ತೀನಿ’ ಅಂದರು.

ಶ್ವಾಸಕೋಶದ ಡಾಕ್ಟರ್ ಪುಟ್ಟನಿಗೆ ಕೊಳವೆ ಊದಿಸಿ ಸ್ಪೈರೋಮೆಟ್ರಿ ಮಾಡಿದರು. ಆಮೇಲೆ ಓಡಿಸಿ ಮತ್ತೆ ಊದಿಸಿದರು. ಎರಡು ಸಲವೂ ಸರಿಯಾಗಿಯೇ ಬಂತು. ಸಹಿ ಹಾಕುವಾಗ ಒಂದು ಷರತ್ತು ಇಟ್ಟರು. ಹೊರಡುವ ಮುಂಚಿನ ವಾರಗಳಲ್ಲಿ ಉಬ್ಬಸವೋ ಕಟ್ಟಿದ ನೆಗಡಿಯೋ ಬಂದರೆ ಟ್ರಿಪ್ ಬೇಡ. ಮೂಗು ಕಟ್ಟಿದ್ದರೆ ಕಿವಿಯ ಒತ್ತಡ ಸರಿಹೋಗಲ್ಲ, ಅದೂ ಒಂದು ಕಾರಣ. ‘ಬೇಡ ಅಂದ್ರೆ ಬೇಡ, ಆಯ್ತಾ?’ ಅಂತ ಹುಡುಗನನ್ನೇ ಕೇಳಿದರು. ಅವನು ತಲೆಯಾಡಿಸಿದ. ಹಾಗಾದರೆ ಕಾಗದದ ಗಡುವು ತಪ್ಪುತ್ತೆ, ಈಜುಕೊಳದಿಂದ ಮತ್ತೆ ಶುರು ಮಾಡಬೇಕಾದೀತು. ಅದು ಗೊತ್ತಿದ್ದೇ ಅವನು ಒಪ್ಪಿದ್ದು.

ಇನ್ನು ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ ಈ ಮುಂದಿನ ಭಾಗ ದಯವಿಟ್ಟು ಓದಿ. ಬೆಂಗಳೂರಿನವರು ಮರೆಯುವ ಲೆಕ್ಕ ಇಲ್ಲಿದೆ.

ಡೈವ್ ಮಾಡಿದ ಮೇಲೆ ತಕ್ಷಣ ವಿಮಾನ ಹತ್ತಬಾರದು ಅಂತ ಬಹಳ ಜನಕ್ಕೆ ಗೊತ್ತು. ಆಳದಲ್ಲಿ ಮೈಯೊಳಗೆ ಕರಗಿದ ನೈಟ್ರೋಜನ್ ನಿಧಾನಕ್ಕೆ ಆಚೆ ಹೋಗಬೇಕು. ಅದಕ್ಕೆ ಮುಂಚೆ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಗುಳ್ಳೆ ಏಳಬಹುದು. ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಹೇಳುವ ಪ್ರಕಾರ ಒಂದೇ ಡೈವ್ ಆಗಿದ್ದರೆ ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಮಾಡಿದ್ದರೆ ಕನಿಷ್ಠ 18 ಗಂಟೆ ಕಾಯಬೇಕು.

‘ನಾವು ರೈಲಲ್ಲಿ ತಾನೆ ಬರೋದು’ ಅಂತೀರಾ? ಆ ಸೂಚನೆ 2,000 ಅಡಿಯಿಂದ 8,000 ಅಡಿ ಎತ್ತರದ ಗಾಳಿಯ ಒತ್ತಡಕ್ಕೆ ಬರೆದದ್ದು. ನಮ್ಮ ಬೆಂಗಳೂರು ಇರೋದೇ ಸುಮಾರು 3,000 ಅಡಿ ಮೇಲೆ. ಸಕಲೇಶಪುರವೂ ಹೆಚ್ಚುಕಡಿಮೆ ಅಷ್ಟೇ. ಯಾವ ಘಾಟಿ ಹತ್ತಿ ಬಂದರೂ ಕೊನೆಗೆ ನೀವು ಆ ಲೆಕ್ಕದೊಳಗೇ ಬಂದು ನಿಲ್ತೀರಿ. ಕರಾವಳಿಯ ಮೀನು ಐಸ್ ಹಾಕಿಸಿಕೊಂಡು ರಾತ್ರೋರಾತ್ರಿ ಘಾಟಿ ಹತ್ತಿ ಶಿವಾಜಿನಗರಕ್ಕೆ ಬರಬಹುದು. ಮಧ್ಯಾಹ್ನ ನೀರಿನಿಂದ ಎದ್ದವರು ಅದೇ ಸಂಜೆ ಸ್ಲೀಪರ್ ಬಸ್ ಹತ್ತಿ ಬರಬಾರದು. ವೀಕೆಂಡ್ ಟ್ರಿಪ್ ಅಂತ ಭಾನುವಾರ ಡೈವ್, ಸೋಮವಾರ ಬೆಳಗ್ಗೆ ಸ್ಟ್ಯಾಂಡ್‌ಅಪ್ ಮೀಟಿಂಗ್ ಅಂತ ಇಟ್ಟುಕೊಂಡಿದ್ದರೆ ಬದಲಾಯಿಸಿ.

ನಮ್ಮ ಪ್ಲಾನ್ ಹೀಗಿದೆ. ಬುಧವಾರ ರಾತ್ರಿ ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ನಿಂದ ಮುರುಡೇಶ್ವರದ ರೈಲು. ಕೆ.ಆರ್. ಪುರ, ಇಂದಿರಾನಗರದ ಕಡೆಯವರಿಗೆ ಇದು ಮನೆ ಬಾಗಿಲ ಸ್ಟೇಷನ್. ಹೊರಡುವ ದಿನ, ಸಮಯ ಮಾತ್ರ ಬುಕ್ ಮಾಡುವ ಮುಂಚೆ ನೋಡಿಕೊಳ್ಳಿ. ಗುರುವಾರ ತಲುಪಿ ವಿಶ್ರಾಂತಿ. ಶುಕ್ರವಾರ 2 ಡೈವ್, ಶನಿವಾರ 2 ಡೈವ್. ಭಾನುವಾರ ಖಾಲಿ. ಸೋಮವಾರ ಮಧ್ಯಾಹ್ನದ ನಂತರ ವಾಪಸ್ ರೈಲು.

ಭಾನುವಾರ ಬೇಕೆಂದೇ ಖಾಲಿ ಬಿಟ್ಟದ್ದು. ಶುಕ್ರವಾರ ಸಮುದ್ರ ಒಪ್ಪದೆ ಬೋಟ್ ನಿಂತರೆ ಶನಿವಾರ, ಭಾನುವಾರ ಮಾಡಬಹುದು, ಆಗಲೂ ರೈಲಿಗೆ ಮುಂಚೆ 18 ಗಂಟೆ ಮೀರಿಯೇ ಸಿಗುತ್ತೆ. ನಮ್ಮ ಭಾಷೆಯಲ್ಲಿ ಬಫರ್. ರಿಲೀಸ್‌ಗೆ ಎರಡು ದಿನ ಬಫರ್ ಕೇಳುವ ನಾವು ಶ್ವಾಸಕೋಶಕ್ಕೆ ಒಂದು ದಿನ ಕೊಡಬಹುದು.

ಡೈವ್ ಸೆಂಟರ್‌ಗೆ ಫೋನ್ ಮಾಡುವಾಗ ನಾನು ಕೇಳಿದ್ದು ನಾಲ್ಕೇ ಪ್ರಶ್ನೆ. ಬೇರೆ ಕಡೆಯ ರೆಫರಲ್ ಒಪ್ತೀರಾ? ಒಬ್ಬ ತರಬೇತುದಾರರಿಗೆ ಎಷ್ಟು ವಿದ್ಯಾರ್ಥಿಗಳು? ಬೋಟ್‌ನಲ್ಲಿ ಆಕ್ಸಿಜನ್ ಕಿಟ್ ಇರುತ್ತಾ? ಹವಾಮಾನದಿಂದ ನಿಂತರೆ ದುಡ್ಡಿನ ಕತೆ ಏನು? ಉತ್ತರ ಹೇಳಲು ತಡಬಡಾಯಿಸುವವರನ್ನು ಬಿಟ್ಟು ಮುಂದಿನವರಿಗೆ ಫೋನ್ ಮಾಡಿ. ರಿಯಾಯಿತಿ ಎಷ್ಟು ಅನ್ನೋದು ಐದನೇ ಪ್ರಶ್ನೆ ಆಗಿರಲಿ.

ಕೊನೆಯದಾಗಿ ಉಳಿದದ್ದು ಪೋಷಕರ ಸಹಿ. 18 ತುಂಬದವರಿಗೆ ಅಪ್ಪನೋ ಅಮ್ಮನೋ ಹಾಕಬೇಕು, ಚಿಕ್ಕಮ್ಮನ ಸಹಿ ನಡೆಯಲ್ಲ. ಭಾವ ಹಾಕಲು ಪೆನ್ ತೆಗೆದರು. ಅಕ್ಕ ಫಾರ್ಮ್ ಈ ಕಡೆ ಎಳೆದುಕೊಂಡಳು. ಈಜು ಬಾರದವಳು, ಸಮುದ್ರ ಅಂದರೆ ಮೊಣಕಾಲಿನವರೆಗೆ ಮಾತ್ರ ಅನ್ನುವವಳು. ಡಾಕ್ಟರ್ ಬರೆದದ್ದನ್ನು ಎರಡು ಸಲ ಓದಿದಳು. ಅಪಾಯದ ಬಗ್ಗೆ ಬರೆದ ಪುಟವನ್ನೂ ಬಿಡದೆ ಓದಿದಳು.

‘ಆ ಭಾನುವಾರ ಏನ್ ಮಾಡ್ತೀರ?’ ಅಂದಳು.

‘ಏನೂ ಮಾಡಲ್ಲ ಅಕ್ಕ. ಸುಮ್ನೆ ಇರೋದು. ದೇವಸ್ಥಾನ, ಭಟ್ಕಳದ ಬಿರಿಯಾನಿ, ನಿದ್ದೆ.’

‘ಹಾಗಾದ್ರೆ ನನಗೂ ಒಂದು ಟಿಕೆಟ್ ತೆಗಿ’ ಅಂದಳು, ಸಹಿ ಹಾಕುತ್ತಾ. ‘ಮೂರಲ್ಲ, ನಾಲ್ಕು.’