ಅಡಿಗೆಮನೆ ಮಾತು: ಡಬ್ಬಿಯೊಳಗಿನ ಹಂದಿ ಮಾಂಸ



ಈ ಸಲ ಬಂದ ಪತ್ರಗಳಲ್ಲಿ ಕೊಡಗಿನ ಸೋದರಿಯೊಬ್ಬರದು ಮನಸ್ಸಿಗೆ ನಾಟಿತು. ಅವರ ಮಗ ಓದಲಿಕ್ಕೆ ಅಮೆರಿಕಕ್ಕೆ ಹೋಗಿದ್ದಾನೆ. ಫೋನಿನಲ್ಲಿ ಊಟದ ವಿಷಯ ಕೇಳಿದಾಗಲೆಲ್ಲ "ಅನ್ನ ಮಾಡ್ಕೊಂಡೆ, ಸ್ಪ್ಯಾಮ್ ಹುರ್ಕೊಂಡೆ" ಅಂತಾನಂತೆ. "ಹಂದಿ ಮಾಂಸ ನಮಗೇನೂ ಹೊಸದಲ್ಲ. ಆದರೆ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತ ಮಾಂಸವನ್ನು ದಿನಾ ತಿಂದರೆ ಹುಡುಗನ ಆರೋಗ್ಯ ಏನಾದೀತು?" ಅನ್ನೋದು ಆ ತಾಯಿಯ ಚಿಂತೆ.

ಮಾಂಸ ಮುಟ್ಟದ ಸೋದರಿಯರೂ ಪುಟ ತಿರುವಿಬಿಡಬೇಡಿ. ಈ ಡಬ್ಬಿಯ ಕತೆಯಲ್ಲಿ ಯುದ್ಧವಿದೆ, ಹಸಿವಿದೆ, ಇದ್ದುದರಲ್ಲೇ ಮನೆಯವರ ಹೊಟ್ಟೆ ತುಂಬಿಸಿದ ಹೆಂಗಸರ ಜಾಣತನವೂ ಇದೆ.

ಹುಟ್ಟಿದ್ದು ಹೀಗೆ

ಅಮೆರಿಕದ ಮಿನ್ನೆಸೋಟ ರಾಜ್ಯದ ಆಸ್ಟಿನ್ ಎಂಬ ಊರಿನಲ್ಲಿ ಹಾರ್ಮೆಲ್ ಕಂಪನಿಯವರದು ಮಾಂಸದ ಕಾರ್ಖಾನೆ. ಹಂದಿಯ ತೊಡೆಯ ಮಾಂಸಕ್ಕೆ ಗಿರಾಕಿ ಹೆಚ್ಚು, ಭುಜದ ಮಾಂಸಕ್ಕೆ ಕಡಿಮೆ. ಆ ಭುಜದ ಭಾಗವನ್ನು ಅರೆದು, ತೊಡೆಯ ಮಾಂಸ, ಉಪ್ಪು, ನೀರು, ಸಕ್ಕರೆ ಕೂಡಿಸಿ ಡಬ್ಬಿಗೆ ತುಂಬಿ, 1937ರಲ್ಲಿ 'ಸ್ಪ್ಯಾಮ್' ಅಂತ ಮಾರಲಿಕ್ಕೆ ಶುರುಮಾಡಿದರು. ಈ ಹೆಸರು ಸೂಚಿಸಿದ ನಟನೊಬ್ಬನಿಗೆ 100 ಡಾಲರ್ ಬಹುಮಾನ ಸಿಕ್ಕಿತ್ತು.

ಡಬ್ಬಿಯಲ್ಲಿ ಕೆಡದೆ ಹೇಗಿರುತ್ತೆ ಅಂತೀರಾ? ಮಾಂಸವನ್ನು ಹಸಿಯಾಗಿಯೇ ತುಂಬಿ, ಗಾಳಿಯಾಡದ ಹಾಗೆ ಮುಚ್ಚಿ, ಆಮೇಲೆ ಡಬ್ಬಿ ಸಮೇತ ಬೇಯಿಸ್ತಾರೆ. ಒಳಗಿನ ಕ್ರಿಮಿಗಳು ಸಾಯುತ್ತವೆ, ಹೊರಗಿನವು ಒಳಗೆ ಹೋಗಲಾರವು. ಜೊತೆಗೆ ಸೋಡಿಯಂ ನೈಟ್ರೈಟ್ ಎಂಬ ಲವಣ ಸೇರಿಸ್ತಾರೆ. ಮಾಂಸದ ಗುಲಾಬಿ ಬಣ್ಣ ಉಳಿಯೋದು, ವಿಷಕಾರಿ ಕ್ರಿಮಿ ಬೆಳೆಯದೆ ಇರೋದು ಅದರಿಂದಲೇ.

ಯುದ್ಧದ ಊಟ

ಎರಡನೇ ಮಹಾಯುದ್ಧ ಬಂದಾಗ ಈ ಡಬ್ಬಿ ಸೈನಿಕರ ಜೊತೆ ಸಮುದ್ರ ದಾಟಿತು. ಬ್ರಿಟನ್ನಿಗೂ ರಷ್ಯಕ್ಕೂ ಹಡಗುಗಟ್ಟಲೆ ಹೋಯಿತು. ಇದಿಲ್ಲದಿದ್ದರೆ ನಮ್ಮ ಸೈನ್ಯಕ್ಕೆ ಊಟ ಹಾಕೋದೇ ಕಷ್ಟವಾಗುತ್ತಿತ್ತು ಅಂತ ರಷ್ಯದ ನಾಯಕ ಕ್ರುಶ್ಚೇವ್ ಮುಂದೆ ತಮ್ಮ ನೆನಪುಗಳಲ್ಲಿ ಹೇಳಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಮಾಂಸದ ರೇಷನ್ ಮುಗಿದದ್ದು 1954ರಲ್ಲಿ. ಅಲ್ಲಿಯವರೆಗೆ ಎಷ್ಟೋ ಗೃಹಿಣಿಯರು ಇದರ ಬಿಲ್ಲೆಗಳನ್ನು ಮೈದಾ ಹಿಟ್ಟಿನಲ್ಲಿ ಅದ್ದಿ, ನಮ್ಮ ಬಜ್ಜಿಯ ಹಾಗೆ ಕರಿದು ಬಡಿಸಿದರು. ಅತಿಯಾಗಿ ತಿಂದು ಜನಕ್ಕೆ ಸಾಕಾಗಿಯೂ ಹೋಯಿತು. 1970ರಲ್ಲಿ ಅಲ್ಲಿನ ಟಿವಿಯ ಮಾಂಟಿ ಪೈಥನ್ ಹಾಸ್ಯ ತಂಡ, ಹೋಟೆಲಿನಲ್ಲಿ ಏನು ಕೇಳಿದರೂ ಸ್ಪ್ಯಾಮೇ ಬರುವ ಹಾಗೆ ತಮಾಷೆ ಮಾಡಿತು. ಇವತ್ತು ಕಂಪ್ಯೂಟರಿಗೆ, ಮೊಬೈಲಿಗೆ ಬಂದು ಬೀಳುವ ಬೇಡದ ಸಂದೇಶಗಳಿಗೆ 'ಸ್ಪ್ಯಾಮ್' ಅನ್ನೋ ಹೆಸರು ಬಂದಿದ್ದು ಅಲ್ಲಿಂದಲೇ!

ಕೊರಿಯದ ಕತೆ ಕೇಳಿದರೆ ಕರುಳು ಚುರ್ ಅನ್ನುತ್ತೆ. 1950ರಿಂದ 1953ರವರೆಗೆ ನಡೆದ ಯುದ್ಧದಲ್ಲಿ ಆ ದೇಶ ನೆಲ ಕಚ್ಚಿತು. ಅಮೆರಿಕದ ಸೈನಿಕ ಶಿಬಿರಗಳಿಂದ ಹೇಗೋ ಹೊರಗೆ ಬಂದ ಡಬ್ಬಿ ಮಾಂಸಕ್ಕೆ ತಮ್ಮ ಖಾರದ ಕಿಮ್ಚಿ, ನೀರು ಸೇರಿಸಿ ಕುದಿಸಿ ಜನ ಉಂಡರು. 'ಬುದೆ ಚಿಗೆ', ಅಂದರೆ ಸೈನಿಕ ಶಿಬಿರದ ಸಾರು, ಅನ್ನೋದು ಅದರ ಹೆಸರು. ಬಡತನದ ಆ ಸಾರನ್ನು ಈಗ ಹೋಟೆಲುಗಳಲ್ಲಿ ಇಷ್ಟಪಟ್ಟು ತಿಂತಾರೆ. ಅವರ ಸುಗ್ಗಿ ಹಬ್ಬ ಚುಸೊಕ್‌ಗೆ ಈ ಡಬ್ಬಿಗಳನ್ನು ಚೆಂದದ ಪೆಟ್ಟಿಗೆಯಲ್ಲಿಟ್ಟು ಉಡುಗೊರೆ ಕೊಡ್ತಾರೆ. ಹವಾಯಿ ದ್ವೀಪದವರು ಹುರಿದ ಬಿಲ್ಲೆಯನ್ನು ಅನ್ನದ ಮುದ್ದೆಯ ಮೇಲಿಟ್ಟು, ಸಮುದ್ರ ಪಾಚಿಯ ಹಾಳೆ ಸುತ್ತಿ 'ಮುಸುಬಿ' ಮಾಡ್ತಾರೆ.

ತಾಯಿಯ ಪ್ರಶ್ನೆಗೆ ಉತ್ತರ

ಈಗ ಮುಖ್ಯ ಮಾತು. ಡಬ್ಬಿಯ ಮಾಂಸ ಕೆಟ್ಟದ್ದೇ ಅನ್ನೋ ಹೆದರಿಕೆ ಬೇಡ. ಹೆದರಬೇಕಾದ್ದು 'ದಿನಾ' ಅನ್ನೋ ಮಾತಿಗೆ. ಡಬ್ಬಿಯ ಲೇಬಲ್ ಪ್ರಕಾರ ಒಬ್ಬರ ಪಾಲು 56 ಗ್ರಾಂ, ಅಂದರೆ 340 ಗ್ರಾಂ ಡಬ್ಬಿಯ ಆರನೇ ಒಂದು ಭಾಗ. ಅಷ್ಟರಲ್ಲೇ ಸುಮಾರು 2 ಗ್ರಾಂ ಉಪ್ಪಿನಷ್ಟು ಸೋಡಿಯಂ ಇದೆ, 16 ಗ್ರಾಂ ಕೊಬ್ಬಿದೆ. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅರ್ಧ ಡಬ್ಬಿ ಖಾಲಿ ಮಾಡಿದರೆ ಅಲ್ಲಿಗೇ ಲೆಕ್ಕ ಮೀರಿತು. ಇಂಥ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣವಾಗಬಲ್ಲದು ಅಂತ ಅದೇ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ಹೇಳಿದೆ. ತಿನ್ನುವ ಪ್ರಮಾಣ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಆದ್ದರಿಂದ ಮಗನಿಗೆ ಬೈಯಬೇಡಿ, ದಾರಿ ಹೇಳಿಕೊಡಿ. ಅಪರೂಪಕ್ಕೊಮ್ಮೆ, ಎರಡು ತೆಳು ಬಿಲ್ಲೆ, ಜೊತೆಗೆ ತರಕಾರಿ. ಉಳಿದ ದಿನ ಮೊಟ್ಟೆ, ಬೇಳೆ, ಕಾಳು. ಇವೂ ಒಬ್ಬನಿಗೆ ಬೇಯಿಸಿಕೊಳ್ಳಲಿಕ್ಕೆ ಸುಲಭವೇ.

ಹಾಗಲಕಾಯಿ ಚಂಪುರು

ಜಪಾನಿನ ಓಕಿನಾವಾ ದ್ವೀಪದಲ್ಲಿ ನಮ್ಮ ಹಾಗಲಕಾಯಿಯನ್ನೇ ಈ ಮಾಂಸದ ಜೊತೆ ಮಾಡ್ತಾರೆ.

ಬೇಕಾಗುವ ಸಾಮಗ್ರಿ: ಹಾಗಲಕಾಯಿ 1, ಡಬ್ಬಿ ಮಾಂಸ 100 ಗ್ರಾಂ, ಸೋಯಾ ಪನೀರ್ (ತೋಫು) ಒಂದು ತುಂಡು, ಮೊಟ್ಟೆ 2, ಎಣ್ಣೆ 1 ಚಮಚ, ಕಾಳುಮೆಣಸಿನ ಪುಡಿ ಚಿಟಿಕೆ. (ಇಬ್ಬರಿಗೆ)

ಮಾಡುವ ವಿಧಾನ: ಹಾಗಲಕಾಯಿ ಉದ್ದಕ್ಕೆ ಸೀಳಿ, ಬೀಜ ತೆಗೆದು, ತೆಳ್ಳಗೆ ಹೆಚ್ಚಿ. ಚೂರು ಉಪ್ಪು ಸವರಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ತೊಳೆದು ಹಿಂಡಿ. ಮಾಂಸವನ್ನು ಬೆರಳುದ್ದ ಕತ್ತರಿಸಿ, ಕುದಿಯುವ ನೀರಿನಲ್ಲಿ ಎರಡು ನಿಮಿಷ ಹಾಕಿ ನೀರು ಚೆಲ್ಲಿ. ಸ್ವಲ್ಪ ಉಪ್ಪು, ಜಿಡ್ಡು ಇಳಿಯುತ್ತೆ. ಬಾಣಲೆಗೆ ಎಣ್ಣೆ ಹಾಕದೆ ಮಾಂಸ ಹುರಿಯಿರಿ, ಅದರ ಕೊಬ್ಬೇ ಸಾಕು. ಅಂಚು ಕೆಂಪಾದ ಮೇಲೆ ತೆಗೆದಿಡಿ. ಎಣ್ಣೆ ಹಾಕಿ ತೋಫು, ಆಮೇಲೆ ಹಾಗಲಕಾಯಿ ನಾಲ್ಕು ನಿಮಿಷ ಬಾಡಿಸಿ. ಮಾಂಸ ಸೇರಿಸಿ, ಮೊಟ್ಟೆ ಒಡೆದು ಕಲಕಿ ಸುರಿದು ಕೈಯಾಡಿಸಿ. ಮೊಟ್ಟೆ ಗಟ್ಟಿಯಾದ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಇಳಿಸಿ. ಬೇರೆ ಉಪ್ಪು ಹಾಕಲೇಬೇಡಿ.

ನೆನಪಿಡಿ

* ಡಬ್ಬಿ ಉಬ್ಬಿದ್ದರೆ, ಸೋರುತ್ತಿದ್ದರೆ ರುಚಿ ಕೂಡ ನೋಡದೆ ಎಸೆಯಿರಿ.
* ಮುಚ್ಚಿದ ಡಬ್ಬಿಯನ್ನು ಒಲೆಯ ಮೇಲೆ ಇಡಬೇಡಿ.
* ತೆರೆದ ಮೇಲೆ ಉಳಿದದ್ದನ್ನು ಬೇರೆ ಪಾತ್ರೆಗೆ ಹಾಕಿ ಮುಚ್ಚಿ ಫ್ರಿಜ್ಜಿನಲ್ಲಿಟ್ಟು, ಎರಡು ಮೂರು ದಿನದೊಳಗೆ ಮುಗಿಸಿ.
* ಇದರಲ್ಲಿ ಪಂದಿ ಕರಿ ಮಾಡಲು ಹೋಗಬೇಡಿ. ಮೊದಲೇ ಬೆಂದ ಮಾಂಸ ಮಸಾಲೆ ಹೀರದು. ಕಾಚಂಪುಳಿಗೆ ಹಸಿ ಮಾಂಸವೇ ಸರಿ.

ಊರು ಬಿಟ್ಟು ಹೋದ ಮಕ್ಕಳಿಗೆ ನೀವು ಹೇಳಿಕೊಟ್ಟ ಸುಲಭದ ಅಡಿಗೆ ಯಾವುದು? ಬರೆದು ಕಳಿಸಿ. ಒಳ್ಳೆಯದನ್ನು ಆರಿಸಿ ಮುಂದಿನ ಸಂಚಿಕೆಯಲ್ಲಿ ಎಲ್ಲರ ಜೊತೆ ಹಂಚಿಕೊಳ್ಳೋಣ.