ಮನೆಯೊಳಗಿನ ದಖನಿ

ದೇವನಹಳ್ಳಿಯ ಮುಸ್ಲಿಂ ಮನೆಗಳಲ್ಲಿ ಆಡುವ ದಖನಿಯನ್ನು, ಅಂದರೆ 14ನೆಯ ಶತಮಾನದಲ್ಲಿ ದೆಹಲಿಯ ಕಡೆಯಿಂದ ದಖ್ಖನ್ನಿಗೆ ಬಂದು ಮರಾಠಿ, ತೆಲುಗು, ಕನ್ನಡಗಳ ನೆರೆಯಲ್ಲಿ ಬೆಳೆದ ನುಡಿಯನ್ನು, ಕೆಟ್ಟ ಉರ್ದು ಎಂದು ತಳ್ಳಿಹಾಕುವ ರೂಢಿ ಇನ್ನೂ ಅಳಿದಿಲ್ಲ. ವಾಸ್ತವದಲ್ಲಿ, ‘ಬೇಡ’ ಎನ್ನಲು ಮರಾಠಿಯಿಂದ ಪಡೆದ ‘ನಕ್ಕೊ’, ಕನ್ನಡದ ‘ಎಂದು’ ಮಾಡುವ ಕೆಲಸವನ್ನೇ ಮಾಡುವ ‘ಬೋಲ್ಕೆ’ ಮುಂತಾದವು ಆ ನುಡಿ ಇಲ್ಲಿನ ಮಣ್ಣಿನಲ್ಲಿ ಬೇರುಬಿಟ್ಟದ್ದಕ್ಕೆ ಸಾಕ್ಷಿಯಾಗಿವೆ. 1580ರಿಂದ 1627ರವರೆಗೆ ವಿಜಯಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲ್ ಶಾಹನು ‘ಕಿತಾಬ್-ಎ-ನವರಸ್’ನ ಗೀತೆಗಳನ್ನು ರಚಿಸಿದ್ದೂ ದಖನಿಯಲ್ಲಿಯೇ. ದಖನಿಯಂತೆಯೇ ಹೀನಾಯಕ್ಕೊಳಗಾದ ನುಡಿ ಬೇರೆ ನಾಡಿನಲ್ಲಿಯೂ ಉಂಟು: ಡಚ್ ಭಾಷೆಯಿಂದ ಕವಲೊಡೆದು ‘ಅಡುಗೆಮನೆಯ ಡಚ್’ ಎಂಬ ಹೀಯಾಳಿಕೆಗೆ ಗುರಿಯಾಗಿದ್ದ, ಕೇಪ್ ಪ್ರಾಂತದ ಮುಸ್ಲಿಮರು ಅರಬ್ಬಿ ಲಿಪಿಯಲ್ಲಿಯೂ ಬರೆದಿದ್ದ ಆಫ್ರಿಕಾನ್ಸ್ 1925ರಲ್ಲಿ ದಕ್ಷಿಣ ಆಫ್ರಿಕದ ಅಧಿಕೃತ ಭಾಷೆಯಾಯಿತು. ಅದನ್ನು ಕರಿಯ ಮಕ್ಕಳ ಶಾಲೆಗಳ ಮೇಲೆ ಹೇರಿದಾಗ 1976ರಲ್ಲಿ ಅಲ್ಲಿನ ಕರಿಯರ ಬಡಾವಣೆಯಾದ ಸೊವೆಟೊ ಸಿಡಿದೆದ್ದಿತು. ದೋಷ ಅದನ್ನು ಹೇರಿದ ಆಳರಸರದೇ ಹೊರತು ನುಡಿಯದಲ್ಲ. ದಖನಿಗಾದರೋ ಅಂಥ ಅಧಿಕಾರದ ಬಲವೇ ಇಂದು ಇಲ್ಲ: ಸಂವಿಧಾನದ ಎಂಟನೆಯ ಪರಿಚ್ಛೇದದ 22 ಭಾಷೆಗಳಲ್ಲಿ ಅದರ ಹೆಸರಿಲ್ಲ, ಉರ್ದು ಶಾಲೆಯ ಪಠ್ಯದ ಭಾಷೆಯೂ ಅದಲ್ಲ. ಕನ್ನಡದ ವಾಕ್ಯರೀತಿಯನ್ನು ಒಡಲಲ್ಲಿಟ್ಟುಕೊಂಡ ಈ ಮಾತಿನ ಹಾಡು, ಗಾದೆ, ಒಗಟುಗಳನ್ನು ಹಿರಿಯರ ಬಾಯಿಂದ ಕೇಳಿ ಬರೆದಿಡುವ ಹೊಣೆಯನ್ನು ಕರ್ನಾಟಕದ ವಿಶ್ವವಿದ್ಯಾಲಯಗಳು ಕೈಗೆತ್ತಿಕೊಳ್ಳಬೇಕು.